ಗದಗ ಸೀಮೆಯ ಬಂದೂಕು ಮತ್ತು ಆತ್ಮರಕ್ಷಣೆ ತರಬೇತಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಪ್ರದೇಶದಲ್ಲಿ ಆಯುಧ ಹಿಡಿಯುವುದನ್ನೂ ಮೈ ಕಾಯ್ದುಕೊಳ್ಳುವುದನ್ನೂ ಕಲಿಸುತ್ತ ಬಂದ ಪದ್ಧತಿಗಳು, ಅವುಗಳ ಇತಿಹಾಸ ಮತ್ತು ಈಗಿನ ಕಾನೂನು ಈ ಲೇಖನದ ವಿಷಯ. ಗರಡಿಮನೆ, ದೇಸಗತಿಯ ಕಾವಲು ಪಡೆ, 1947-48ರ ಗಡಿ ಶಿಬಿರ, ಪೊಲೀಸ್ ಕವಾಯತು ಮೈದಾನ, ಎನ್‌ಸಿಸಿ, ಶಾಲೆಯ ಕರಾಟೆ ತರಗತಿ ಇವು ಒಂದೊಂದು ಕಾಲದಲ್ಲಿ ಈ ಕೆಲಸ ನಡೆಸಿವೆ. ಹಣ ಕಟ್ಟಿದ ನಾಗರಿಕರಿಗೆ ಪಿಸ್ತೂಲಿನ ಕಾಳಗ ಕಲಿಸುವ ಅಮೆರಿಕದ ಮಾದರಿಯ ಖಾಸಗಿ ಶಾಲೆ ಇಲ್ಲಿನ ಪರಂಪರೆಗೆ ಸೇರಿದ್ದಲ್ಲ. 1857ರವರೆಗೆ ಆಯುಧವಿದ್ಯೆ ಊರಿಗೂ ಮನೆತನಕ್ಕೂ ಸೇರಿದ್ದಾಗಿತ್ತು. ಆ ವರ್ಷದಿಂದ ಅದು ಸರ್ಕಾರದ ಅಪ್ಪಣೆಗೆ ಒಳಪಟ್ಟಿತು. ಇಂದಿಗೂ ಈ ವಿಷಯದ ಎಲ್ಲ ಪ್ರಶ್ನೆಗಳು ಆ ಬದಲಾವಣೆಯಿಂದಲೇ ಹುಟ್ಟುತ್ತವೆ.

ಪ್ರದೇಶ ಮತ್ತು ಆಡಳಿತ

ಈಗ ಒಂದೇ ಜಿಲ್ಲೆಯಲ್ಲಿರುವ ಈ ನಾಲ್ಕು ಊರುಗಳು ಸ್ವಾತಂತ್ರ್ಯಕ್ಕೆ ಮುಂಚೆ ಮೂರು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಭಾಗ. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಮುಂಡರಗಿಯಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ನಿಜಾಮನ ಸೀಮೆ ಶುರುವಾಗುತ್ತಿತ್ತು. ಬ್ರಿಟಿಷ್ ಮುಲ್ಕಿನ ಶಸ್ತ್ರ ಕಾಯ್ದೆ ಸಂಸ್ಥಾನದ ಊರುಗಳಿಗೆ ನೇರವಾಗಿ ಅನ್ವಯವಾಗುತ್ತಿರಲಿಲ್ಲವಾದ್ದರಿಂದ, ಗದುಗಿನ ರೈತನ ಬಂದೂಕಿಗೂ ಶಿರಹಟ್ಟಿಯ ರೈತನ ಬಂದೂಕಿಗೂ ಬೇರೆ ಬೇರೆ ದರ್ಬಾರಿನ ಅಪ್ಪಣೆ ಬೇಕಾಗುತ್ತಿತ್ತು. 1948ರ ವಿಲೀನೀಕರಣದಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರಲ್ಲಿ ಇಡೀ ಪ್ರದೇಶ ಮೈಸೂರು ರಾಜ್ಯಕ್ಕೆ ಬಂತು. 1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲೆಯನ್ನು ಒಡೆದು ಗದಗ ಜಿಲ್ಲೆ ಮಾಡಿದರು. ಅಲ್ಲಿಯವರೆಗೆ ಬಂದೂಕಿನ ಪರವಾನಗಿ ಕೇಳಿ ಧಾರವಾಡಕ್ಕೆ ಹೋಗುತ್ತಿದ್ದವರಿಗೆ ಗದುಗಿನಲ್ಲೇ ಜಿಲ್ಲಾಧಿಕಾರಿ ಕಚೇರಿ ಸಿಕ್ಕಿತು. ಶಿರಹಟ್ಟಿ ತಾಲ್ಲೂಕಿನಲ್ಲಿದ್ದ ಲಕ್ಷ್ಮೇಶ್ವರ 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು.

ಪ್ರಾಚೀನ ಹಿನ್ನೆಲೆ

ಬೆಟಗೇರಿ, ಲಕ್ಕುಂಡಿ ಮತ್ತು ಪುಲಿಗೆರೆ ಎನಿಸಿದ್ದ ಲಕ್ಷ್ಮೇಶ್ವರದ ಸುತ್ತಿನ ವೀರಗಲ್ಲುಗಳು ಈ ಸೀಮೆಯ ಆಯುಧ ಬಳಕೆಗೆ ಅತಿ ಹಳೆಯ ಚಿತ್ರಸಾಕ್ಷಿಗಳು. ಸಾಮಾನ್ಯವಾಗಿ ಮೂರು ಅಂತಸ್ತುಗಳಲ್ಲಿ ಕೆತ್ತಿದ ಈ ಕಲ್ಲುಗಳ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ ಕಾಣುತ್ತವೆ. ಬಿಲ್ಲು, ಕತ್ತಿ-ಗುರಾಣಿ, ಈಟಿ, ಕಠಾರಿ ಹಿಡಿದು ಸತ್ತವರಲ್ಲಿ ಹಲವರು ರಾಜನ ಸೈನಿಕರಾಗಿರಲಿಲ್ಲ. ಊರಿನ ದನಗಳನ್ನು ಅಟ್ಟಿಕೊಂಡು ಹೋದವರ ಬೆನ್ನುಹತ್ತಿ ತುರುಗಾಳಗದಲ್ಲಿ ಮಡಿದ ಊರವರು. ತನ್ನ ಊರು, ತನ್ನ ದನ ಕಾಯುವುದು ಆಗಿನ ಸಮಾಜ ಕಲ್ಲು ನಿಲ್ಲಿಸಿ ಗೌರವಿಸಿದ ಕೆಲಸವಾಗಿತ್ತು.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿ ಮಲ್ಲಯುದ್ಧಕ್ಕೆ, ಇಬ್ಬರ ನಡುವಿನ ಅಂಕಕಾಳಗಕ್ಕೆ, ಆಯುಧ ವಿನೋದಗಳಿಗೆ ಪ್ರತ್ಯೇಕ ಭಾಗಗಳಿವೆ. ಜಟ್ಟಿಗಳನ್ನು ವಯಸ್ಸು ಮತ್ತು ಬಲದ ಮೇಲೆ ವಿಂಗಡಿಸುವುದು, ಅವರ ಆಹಾರ, ದಿನದಿನದ ಸಾಧನೆ ಎಲ್ಲವನ್ನೂ ಅದು ಹೇಳುತ್ತದೆ. ಕಲಿಯುವವನ ತಾಕತ್ತು ನೋಡಿ ಕಲಿಸಬೇಕು ಎಂಬ ವಿಚಾರ ಗದಗ ಸೀಮೆಯನ್ನು ಆಳಿದ ಅರಸರ ಕಾಲದಲ್ಲಿಯೇ ಬರಹಕ್ಕೆ ಇಳಿದಿತ್ತು.

ಗರಡಿಮನೆ

ಈ ಪರಂಪರೆಯ ಜನಸಾಮಾನ್ಯರ ರೂಪ ಗರಡಿಮನೆ. ಉತ್ತರ ಕರ್ನಾಟಕದ ಗರಡಿಯಲ್ಲಿ ಕೆಂಪು ಮಣ್ಣಿನ ಅಖಾಡ, ಹನುಮಂತನ ಮೂರ್ತಿ, ಗದೆ, ಎತ್ತುವ ಕಲ್ಲುಗುಂಡು ಮತ್ತು ಸಂಗ್ರಾಣಿ ಕಲ್ಲು ಇರುತ್ತವೆ. ಮಣ್ಣನ್ನು ಹದ ಮಾಡಿ ಎಣ್ಣೆ, ಮಜ್ಜಿಗೆ ಕಲಸುವುದು, ದಂಡ ಮತ್ತು ಬೈಠಕ್ ಹೊಡೆಯುವುದು, ಉಸ್ತಾದನ ಕಣ್ಣೆದುರಿಗೆ ಪಟ್ಟು ಹಾಕುವುದು ಇಲ್ಲಿನ ದಿನಚರಿ. ಜಾತ್ರೆ ಬಂದರೆ ಜಂಗಿ ನಿಕಾಲಿ ಕುಸ್ತಿ ನಡೆಯುತ್ತದೆ. ಹಬ್ಬದ ಮೆರವಣಿಗೆಗಳಲ್ಲಿ ಕೋಲು ತಿರುಗಿಸುವುದು, ಕತ್ತಿವರಸೆ ಪ್ರದರ್ಶನಗೊಳ್ಳುತ್ತವೆ. ಜಾತಿ-ಧರ್ಮ ನೋಡದೆ ಹುಡುಗರನ್ನು ಸೇರಿಸಿಕೊಂಡ ಸಂಸ್ಥೆಗಳಲ್ಲಿ ಗರಡಿಯೂ ಒಂದು. ಫಕೀರೇಶ್ವರ ಮಠದ ಶಿರಹಟ್ಟಿ, ದೂದಪೀರಾಂ ದರ್ಗಾದ ಲಕ್ಷ್ಮೇಶ್ವರ ಇಂಥ ಹೊಂದಾಣಿಕೆಗೆ ಹೆಸರಾದ ಊರುಗಳು.

ಗರಡಿಯ ಪಾಠದಲ್ಲಿ ಆತ್ಮರಕ್ಷಣೆಗೆ ತಕ್ಕ ಮೂರು ಅಂಶಗಳಿವೆ: ಬೀಳುವುದನ್ನು ಕಲಿಯುವುದು, ಹಿಡಿತ ಬಿಡಿಸಿಕೊಳ್ಳುವುದು, ಸಿಟ್ಟನ್ನು ಹತೋಟಿಯಲ್ಲಿ ಇಡುವುದು. ಉಸ್ತಾದನ ಅಪ್ಪಣೆಯಿಲ್ಲದೆ ಓಣಿಯ ಜಗಳಕ್ಕೆ ಕೈ ಹಾಕಿದವನಿಗೆ ಅಖಾಡದ ಬಾಗಿಲು ಮುಚ್ಚುತ್ತಿತ್ತು. ಗದಗ ಈಚಿನ ದಶಕಗಳಲ್ಲಿ ಕ್ರೀಡಾ ಇಲಾಖೆಯ ವಸತಿನಿಲಯದ ಮೂಲಕ ಮಹಿಳಾ ಕುಸ್ತಿಗೂ ಹೆಸರಾಗಿದೆ. ಹಿಂದೆ ಹೆಣ್ಣುಮಕ್ಕಳು ಕಾಲಿಡದಿದ್ದ ಅಖಾಡದ ವಿದ್ಯೆ ಈಗ ಚಾಪೆಯ ಮೇಲೆ ಅವರ ಕೈಗೆ ಬಂದಿದೆ.

1857-58: ಶಸ್ತ್ರ ಕಿತ್ತುಕೊಂಡ ಕಾಯ್ದೆ

ಮರಾಠರ ಆಳ್ವಿಕೆಯ ಕೊನೆಗಾಲದಲ್ಲಿ ಈ ಸೀಮೆ ಕೋಟೆ-ಕೊತ್ತಳಗಳ, ದೇಸಾಯಿ-ನಾಡಗೌಡರ ನಾಡಾಗಿತ್ತು. ಒಬ್ಬೊಬ್ಬ ದೇಸಾಯಿಯ ವಾಡೆಯಲ್ಲೂ ಬಂದೂಕು ಹಿಡಿದ ಸಿಬ್ಬಂದಿ ಇರುತ್ತಿತ್ತು. ಬಂಡುಗಾರ ಧೋಂಡಿಯಾ ವಾಘನ ಬೆನ್ನುಹತ್ತಿದ್ದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ 1800ರ ಜುಲೈನಲ್ಲಿ ಈಗ ಮುಂಡರಗಿ ತಾಲ್ಲೂಕಿನಲ್ಲಿರುವ ಡಂಬಳದ ಕೋಟೆಯನ್ನು ಹಿಡಿದ. ಮುಂದೆ ಈ ಸೀಮೆ ಕೈಗೆ ಬಂದ ಮೇಲೂ ಕಂಪನಿ ಸರ್ಕಾರ 1857ರವರೆಗೆ ಊರವರ ಕೈಯಲ್ಲಿನ ಆಯುಧವನ್ನು ಅಷ್ಟಾಗಿ ಕೆದಕಲಿಲ್ಲ.

1857ರ ಸಿಪಾಯಿ ದಂಗೆಯ ಬೆನ್ನಿಗೆ, ಆ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಕಾಯ್ದೆ ಆಯುಧ ಇಡುವುದಕ್ಕೆ, ಮಾಡುವುದಕ್ಕೆ, ಮಾರುವುದಕ್ಕೆ ಪರವಾನಗಿ ಕಡ್ಡಾಯ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಪ್ಪಲಿಲ್ಲ. ಬೇಟೆ ಅವರ ಬದುಕು, ಆಯುಧ ಅವರ ಮಾನ. ನವೆಂಬರ್ ಕೊನೆಗೆ ಕಂಪನಿಯ ದಂಡು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ 19 ಜನರನ್ನು ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಿದರು. ಈ ಘಟನೆಯ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ. ಅದರ ಅಂಕಿತ ಕುರ್ತಕೋಟಿಯ ಕಲ್ಮೇಶ. ಕುರ್ತಕೋಟಿ ಗದಗ ತಾಲ್ಲೂಕಿನ ಊರು. ಹಲಗಲಿಯ ಸುದ್ದಿ ಗದಗ ಸೀಮೆಯಲ್ಲಿ ಹಾಡಾಗಿ ಉಳಿಯಿತು.

ಆರು ತಿಂಗಳೊಳಗೆ ಬೆಂಕಿ ಇಲ್ಲಿಗೂ ಬಂತು. ಮುಂಡರಗಿಯ ನಾಡಗೌಡ ಮನೆತನದ ಭೀಮರಾಯ ಕಲಿತವನು, ಸರ್ಕಾರಿ ಚಾಕರಿ ಮಾಡಿ ಅದನ್ನು ಕಳೆದುಕೊಂಡವನು. ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಕೆಂಚನಗೌಡನ ಬಳಿ ಕೂಡಿಟ್ಟಿದ್ದ ಶಸ್ತ್ರಗಳ ಸುಳಿವು ಅಧಿಕಾರಿಗಳಿಗೆ ಹತ್ತಿತು. 1858ರ ಮೇ ಕೊನೆಯ ವಾರದಲ್ಲಿ ಭೀಮರಾಯ ಬಂಡೆದ್ದು ಡಂಬಳದ ಖಜಾನೆ ಲೂಟಿ ಮಾಡಿ, ನಿಜಾಮನ ಸೀಮೆಯೊಳಗಿನ ಕೊಪ್ಪಳದ ಕೋಟೆ ಹಿಡಿದ. ಜೂನ್ 1ರಂದು ಕಂಪನಿಯ ಸೇನೆ ಕೋಟೆಗೆ ನುಗ್ಗಿತು. ಭೀಮರಾಯ, ಕೆಂಚನಗೌಡ ಇಬ್ಬರೂ ಕಾದಾಡುತ್ತ ಮಡಿದರು. ಇದೇ ಹೊತ್ತಿಗೆ ನರಗುಂದದ ಬಾಬಾಸಾಹೇಬ ಎಂಬ ಭಾಸ್ಕರರಾವ್ ಭಾವೆಯ ಜನ ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದಿದ್ದರು. ದತ್ತು ನಿರಾಕರಣೆಯ ನೋವಿನ ಜೊತೆಗೆ ತೋಪು-ಮದ್ದು ಒಪ್ಪಿಸಬೇಕೆಂಬ ಒತ್ತಾಯವೂ ಅವನನ್ನು ಕೆರಳಿಸಿತ್ತು. ಜೂನ್ 12ರಂದು ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಈ ಮೂರೂ ಘಟನೆಗಳಲ್ಲಿ ಜಗಳದ ಮೂಲದಲ್ಲೋ ನಡುವಿನಲ್ಲೋ ಆಯುಧ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಇದೆ. ಬಂಡೆದ್ದವರಲ್ಲಿ ಕೆಚ್ಚಿಗೆ ಕೊರತೆಯಿರಲಿಲ್ಲ. ಎದುರು ನಿಂತದ್ದು ತೋಪುಗಳಿದ್ದ, ಕವಾಯತು ಕಲಿತ ದಂಡು. ಕೊಪ್ಪಳದ ಕೋಟೆ ಅವರ ಕೈಯಲ್ಲಿ ಒಂದು ವಾರವೂ ಉಳಿಯಲಿಲ್ಲ. ಲಾರ್ಡ್ ಲಿಟ್ಟನ್ ಕಾಲದ 1878ರ ಶಸ್ತ್ರ ಕಾಯ್ದೆ ಪರವಾನಗಿಯ ವ್ಯವಸ್ಥೆಯನ್ನು ಶಾಶ್ವತಗೊಳಿಸಿತು. ಪರವಾನಗಿಯಿಂದ ಕೊಡವರಿಗೆ ಸಿಕ್ಕ ವಿನಾಯಿತಿ ಧಾರವಾಡ ಜಿಲ್ಲೆಯ ಯಾವ ಜನಕ್ಕೂ ಸಿಗಲಿಲ್ಲ. ಕೊಡಗಿನಲ್ಲಿ ಕೋವಿ ಮನೆಯ ಹಬ್ಬದ ಭಾಗವಾಗಿ ಉಳಿದರೆ, ಗದಗ ಸೀಮೆಯಲ್ಲಿ ಅದು ಗೌಡ-ದೇಸಾಯರ ವಾಡೆಗೆ, ದೊಡ್ಡ ಹಿಡುವಳಿದಾರರ ಮನೆಗೆ ಸೀಮಿತವಾಯಿತು.

ಸೇವಾದಳದಿಂದ ಗಡಿ ಶಿಬಿರದವರೆಗೆ

ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳದ ಕೇಂದ್ರ ಹುಬ್ಬಳ್ಳಿಯಲ್ಲಿತ್ತು. ಕವಾಯತು, ಲೇಜೀಮು, ಪ್ರಥಮ ಚಿಕಿತ್ಸೆ, ಗುಂಪು ನಿಯಂತ್ರಣ ಕಲಿತ ಸ್ವಯಂಸೇವಕರು ಆಯುಧವಿಲ್ಲದ ಶಿಸ್ತಿಗೆ ಮಾದರಿಯಾದರು. ಇಂದಿನ ಭಾರತ ಸೇವಾದಳದ ಶಾಲಾ ಚಟುವಟಿಕೆಗಳ ಬೇರು ಅಲ್ಲಿದೆ.

ಬಂದೂಕಿನ ಪಾಠ ಈ ಸೀಮೆಯಲ್ಲಿ ಜನರ ನಡುವೆ ನಡೆದ ಸಂದರ್ಭವೆಂದರೆ 1947-48ರ ಹೈದರಾಬಾದ್ ವಿಮೋಚನಾ ಹೋರಾಟ. ನಿಜಾಮ ಭಾರತಕ್ಕೆ ಸೇರಲು ಒಪ್ಪದೆ, ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಿದಾಗ, ಗಡಿಯ ಈಚೆಗೆ ಮುಂಬಯಿ ಪ್ರಾಂತದ ನೆಲದಲ್ಲಿ ಹೋರಾಟಗಾರರು ಶಿಬಿರಗಳನ್ನು ತೆರೆದರು. ಮುಂಡರಗಿಯ ಶಿಬಿರವನ್ನು ನಡೆಸಿದವರು ಅಳವಂಡಿಯ ಶಿವಮೂರ್ತಿಸ್ವಾಮಿ. ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳು. ಗಡಿ ದಾಟಿ ಬಂದ ನಿರಾಶ್ರಿತರಿಗೆ ನೆಲೆ ಕೊಡುವುದು, ಹಳ್ಳಿಗಳಿಗೆ ಕಾವಲು ಹಾಕುವುದು, ನಿಜಾಮನ ನಾಕೆಗಳ ಮೇಲೆ ದಾಳಿ ಮಾಡುವುದು ಈ ಶಿಬಿರಗಳ ಕೆಲಸವಾಗಿತ್ತು. ಅದಕ್ಕೆ ಬೇಕಾದ ಶಸ್ತ್ರಾಭ್ಯಾಸವೂ ಅಲ್ಲಿಯೇ ನಡೆಯಿತು. ಹೊಲ ಉಳುವವರು, ಮಾಸ್ತರರು, ಕಾಲೇಜು ಬಿಟ್ಟು ಬಂದ ಹುಡುಗರು ಒಂದೇ ಸಾಲಿನಲ್ಲಿ ನಿಂತರು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯ ನಂತರ ಶಿಬಿರಗಳ ಅಗತ್ಯ ತೀರಿತು. ಶಿವಮೂರ್ತಿಸ್ವಾಮಿ ಮುಂದೆ ಲೋಕಸಭೆಗೆ ಆರಿಸಿಬಂದರು. ನಾಗರಿಕರು ಕಾಳಗಕ್ಕಾಗಿಯೇ ಬಂದೂಕು ಅಭ್ಯಾಸ ಮಾಡಿದ ಶಾಲೆಯನ್ನು ಈ ನಾಲ್ಕು ಊರುಗಳಲ್ಲಿ ಹುಡುಕಿದರೆ ಮುಂಡರಗಿಯ ಶಿಬಿರವೇ ಸಿಗುತ್ತದೆ. ಅದೂ ಒಂದು ನಿರ್ದಿಷ್ಟ ಸಂಕಟಕ್ಕೆ ಹುಟ್ಟಿ, ಸಂಕಟ ಮುಗಿದಾಗ ಮುಚ್ಚಿದ ಶಾಲೆ.

ಈಗಿನ ಶಸ್ತ್ರ ಕಾನೂನು

1959ರ ಶಸ್ತ್ರ ಅಧಿನಿಯಮ 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರಡಿ 2016ರಲ್ಲಿ ಹೊಸ ನಿಯಮಗಳು ಬಂದವು. ಪರವಾನಗಿ ಕೊಡುವ ಅಧಿಕಾರ ಗದುಗಿನಂಥ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗೆ ಸೇರಿದ್ದು. ಅದಕ್ಕೆ ಮುಂಚೆ ಪೊಲೀಸರ ವರದಿ ಬೇಕು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. 2016ರ ನಿಯಮಗಳು ಆಯುಧ ಸುರಕ್ಷತೆಯ ತರಬೇತಿ ಪಡೆದ ಪ್ರಮಾಣಪತ್ರ, ಆರೋಗ್ಯ ಪ್ರಮಾಣಪತ್ರ, ಆಯುಧವನ್ನು ಮನೆಯಲ್ಲಿ ಭದ್ರವಾಗಿ ಇಡುವ ಮುಚ್ಚಳಿಕೆಗಳನ್ನು ಕೇಳುತ್ತವೆ. ತರಬೇತಿಗೆ ಕಾನೂನಿನ ಬಲ ಬಂದದ್ದು ಇದರಿಂದಲೇ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಮದುವೆ-ಮೆರವಣಿಗೆಗಳಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಎಂದು ಗೊತ್ತುಮಾಡಿತು.

ರೈತರಿಗೆ ಸಂಬಂಧಿಸಿದ ಮುಖ್ಯ ಅಂಶ ಅಧಿನಿಯಮದ 13ನೆಯ ಕಲಮಿನಲ್ಲಿದೆ. ರಕ್ಷಣೆಗೆ ಅಥವಾ ಕ್ರೀಡೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕು, ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕು ಇವೆರಡನ್ನೂ ಅದು ಹೆಸರಿಸುತ್ತದೆ. ಹಳ್ಳಿಗಳಲ್ಲಿ ಕಾಣುವ ಒಂಟಿನಳಿಗೆ, ಜೋಡಿನಳಿಗೆ ಮತ್ತು ಕೇಪಿನ ಬಂದೂಕುಗಳು ಈ ಬಗೆಯವು. ಬ್ಯಾಂಕಿನ ಬಾಗಿಲಲ್ಲಿ ಮಾಜಿ ಸೈನಿಕ ಕಾವಲುಗಾರ ಹಿಡಿದಿರುವುದೂ ಬಹುಮಟ್ಟಿಗೆ 12 ಬೋರಿನ ಜೋಡಿನಳಿಗೆಯೇ. ಸೇನೆ-ಪೊಲೀಸರು ಬಳಸುವ .303, 9 ಮಿ.ಮೀ. ಮುಂತಾದ ನಿಷೇಧಿತ ಬೋರಿನ ಆಯುಧಗಳ ವಿಷಯ ಕೇಂದ್ರ ಸರ್ಕಾರದ ಕೈಯಲ್ಲಿದೆ. 20 ಜೌಲ್‌ಗಿಂತ ಕಡಿಮೆ ಬಲದ, .177 ಬೋರಿನ ಏರ್‌ಗನ್ನಿಗೆ ಪರವಾನಗಿ ಬೇಡ. ಚುನಾವಣೆ ಘೋಷಣೆಯಾದರೆ, ವಿನಾಯಿತಿ ಪಡೆದವರನ್ನು ಬಿಟ್ಟು ಉಳಿದ ಪರವಾನಗಿದಾರರು ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆದು, ಫಲಿತಾಂಶದ ನಂತರ ಮರಳಿ ತರುತ್ತಾರೆ.

ಬೆಳೆ, ಬೇಟೆ ಮತ್ತು ಕಾಡುಪ್ರಾಣಿ

ಈ ಭಾಗದಲ್ಲಿ ಬಂದೂಕು ಬೇಕೆನ್ನುವ ರೈತ ಹೇಳುವ ಮೊದಲ ಕಾರಣ ಕಾಡುಹಂದಿ. ಶೇಂಗಾ, ಗೋವಿನಜೋಳದ ಹೊಲಕ್ಕೆ ರಾತ್ರಿ ಹಂದಿ ಬಿದ್ದರೆ ಬೆಳಗಾಗುವಷ್ಟರಲ್ಲಿ ಸಾಲುಸಾಲೇ ಉತ್ತಂತೆ ಆಗಿರುತ್ತದೆ. ಜಿಂಕೆ-ಕೃಷ್ಣಮೃಗಗಳ ಹಿಂಡು ಎಳೆ ಪೈರನ್ನು ಮೇಯುತ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ಕೃಷ್ಣಮೃಗ ಒಂದನೆಯ ಅನುಸೂಚಿಯ ಪ್ರಾಣಿ. ಬಂದೂಕಿನ ಪರವಾನಗಿ ಬೇಟೆಯ ಪರವಾನಗಿಯಲ್ಲ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿದ ಕಪ್ಪತಗುಡ್ಡ 2019ರಲ್ಲಿ ಸುಮಾರು 244 ಚದರ ಕಿ.ಮೀ. ವಿಸ್ತೀರ್ಣದ ವನ್ಯಜೀವಿಧಾಮವಾಯಿತು. ಚಿರತೆ, ತೋಳ, ಕತ್ತೆಕಿರುಬ ಅಲ್ಲಿವೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಇಂಥ ಕಡೆ ಬೆಳೆ ಕಾಯುವವನಿಗೆ ಗುರಿಗಿಂತ ಮುಂಚೆ ಬೇಕಾದದ್ದು ಯಾವ ಪ್ರಾಣಿಯ ಮೇಲೆ ಕಾನೂನು ಏನು ಹೇಳುತ್ತದೆ ಎಂಬ ತಿಳಿವಳಿಕೆ. ಬೆದರಿಸಲು ಪಟಾಕಿ, ತಮಟೆ, ಸೌರಬೇಲಿ, ಹಾನಿಯಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ, ಇವೇ ಹೆಚ್ಚಿನ ರೈತರ ಹಾದಿ.

ತರಬೇತಿಯ ವ್ಯವಸ್ಥೆಗಳು

ಪೊಲೀಸ್: ಜಿಲ್ಲಾ ಸಶಸ್ತ್ರ ಮೀಸಲು ಪಡೆ ಜಿಲ್ಲೆಯ ಆಯುಧಾಗಾರವನ್ನೂ ಸಿಬ್ಬಂದಿಯ ವಾರ್ಷಿಕ ಗುಂಡು ಅಭ್ಯಾಸವನ್ನೂ ನೋಡಿಕೊಳ್ಳುತ್ತದೆ. ಅಭ್ಯಾಸದ ಜಾಗಕ್ಕೆ ಪೊಲೀಸರ ಬಾಯಲ್ಲಿ ಚಾಂದಮಾರಿ ಎಂದೇ ಹೆಸರು. ಗುರಿಹಲಗೆಯ ಹಿಂದೆ ಮಣ್ಣಿನ ದಿಬ್ಬ ಅಥವಾ ಗುಡ್ಡ ಇಲ್ಲದ ಕಡೆ ಚಾಂದಮಾರಿ ಇಲ್ಲ. ಖಂಡೆಪೂಜೆಯ ದಿನ ಇಲ್ಲಿನ ರೈಫಲ್ಲುಗಳಿಗೂ ಹೂವು-ಕುಂಕುಮ ಬೀಳುತ್ತವೆ. ಒತ್ತೆಯಾಳು ಬಿಡಿಸುವುದು, ಉಗ್ರರನ್ನು ಎದುರಿಸುವುದು ಮುಂತಾದ ಕಮಾಂಡೊ ತರಬೇತಿ ಜಿಲ್ಲಾ ಮಟ್ಟದ್ದಲ್ಲ. ಅದಕ್ಕೆ ರಾಜ್ಯದಲ್ಲಿ 2010ರಲ್ಲಿ ಕಟ್ಟಿದ ಗರುಡ ಪಡೆ, ದೇಶಮಟ್ಟದಲ್ಲಿ ಮಾನೇಸರದ ಎನ್‌ಎಸ್‌ಜಿ ಇವೆ.

ನಾಗರಿಕ ಬಂದೂಕು ತರಬೇತಿ: ಕರ್ನಾಟಕದ ಜಿಲ್ಲಾ ಪೊಲೀಸ್ ಕಚೇರಿಗಳು ಆಗಾಗ ಸಾರ್ವಜನಿಕರಿಂದ ಅರ್ಜಿ ಕರೆದು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತವೆ. ಮುಂಜಾನೆ ಕವಾಯತು, ಆಯುಧದ ಭಾಗಗಳ ಪರಿಚಯ, ಬಿಚ್ಚಿ-ಜೋಡಿಸಿ ಒರೆಸುವುದು, ಗುರಿ ಹಿಡಿಯುವುದು, ಕಾನೂನಿನ ಪಾಠ, ಕೊನೆಗೆ ಚಾಂದಮಾರಿಯಲ್ಲಿ ಗುಂಡು ಹಾರಿಸುವುದು ಇದರ ಕ್ರಮ. ಮುಗಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ. ಅದರ ಜೊತೆಗೆ ಬಂದೂಕು ಸಿಗುವುದಿಲ್ಲ. ಪರವಾನಗಿಯ ಅರ್ಜಿ ಬೇರೆ, ತೀರ್ಮಾನ ಬೇರೆ.

ಎನ್‌ಸಿಸಿ ಮತ್ತು ಗೃಹರಕ್ಷಕ ದಳ: 1948ರ ಕಾಯ್ದೆಯಿಂದ ಬಂದ ಎನ್‌ಸಿಸಿ ಶಾಲಾ-ಕಾಲೇಜುಗಳ ಹುಡುಗ-ಹುಡುಗಿಯರಿಗೆ .22 ರೈಫಲ್ ಕಲಿಸುತ್ತದೆ. ಹೆಚ್ಚಿನ ಮಕ್ಕಳು ಜೀವನದಲ್ಲಿ ಮೊದಲ ಸಲ, ಬಹುಶಃ ಕೊನೆಯ ಸಲ, ಬಂದೂಕು ಮುಟ್ಟುವುದು ಅಲ್ಲಿಯೇ. ನೆಲಕ್ಕೆ ಹಾಸಿದ ದರಿಯ ಮೇಲೆ ಬೋರಲು ಮಲಗಿ, ಎಡ ಮೊಣಕೈಯನ್ನು ರೈಫಲ್ಲಿನ ಕೆಳಗೆ ಊರಿ, ಹಿಡಿಯನ್ನು ಭುಜದ ಗುಳಿಗೆ ಒತ್ತಿಕೊಳ್ಳಬೇಕು. ಉಸಿರನ್ನು ಅರ್ಧ ಬಿಟ್ಟು ತಡೆದು, ಟ್ರಿಗರನ್ನು ಎಳೆಯದೆ ಮೆಲ್ಲಗೆ ಅದುಮಬೇಕು. ಐದು ಗುಂಡು ಮುಗಿದ ಮೇಲೆ ಉಸ್ತಾದ ನೋಡುವುದು ನಡುಬೊಟ್ಟಿಗೆ ಎಷ್ಟು ಬಿತ್ತು ಎಂದಲ್ಲ, ಐದು ತೂತುಗಳು ಎಷ್ಟು ಹತ್ತಿರ ಕೂತಿವೆ ಎಂದು. ಒತ್ತಾಗಿ ಒಂದೇ ಮೂಲೆಗೆ ಬಿದ್ದಿದ್ದರೆ ಹುಡುಗನ ಕೈ ಸರಿಯಿದೆ, ರೈಫಲ್ಲಿನ ಸೈಟು ತಿದ್ದಬೇಕು. ಚೆಲ್ಲಾಪಿಲ್ಲಿಯಾಗಿದ್ದರೆ ಹುಡುಗನನ್ನು ತಿದ್ದಬೇಕು. ಗೃಹರಕ್ಷಕರಿಗೆ 1962ರ ರಾಜ್ಯ ಕಾಯ್ದೆಯಡಿ ಲಾಠಿ, ಕವಾಯತು, ಪ್ರಥಮ ಚಿಕಿತ್ಸೆಗಳ ಜೊತೆ ಶಸ್ತ್ರ ತರಬೇತಿ ಇರುತ್ತದೆ.

ಖಾಸಗಿ ಭದ್ರತೆ: 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಡಿ ಬಂದ ಕೇಂದ್ರದ ಮಾದರಿ ನಿಯಮಗಳು ಕಾವಲುಗಾರನಿಗೆ 100 ಗಂಟೆ ತರಗತಿ, 60 ಗಂಟೆ ಮೈದಾನದ ತರಬೇತಿ ಎಂದು ಗೊತ್ತುಮಾಡಿವೆ. ಹಳ್ಳಿಯಿಂದ ಬೆಂಗಳೂರಿಗೆ ಕಾವಲು ಕೆಲಸಕ್ಕೆ ಹೋಗುವ ಯುವಕರಿಗೆ ಇದು ಅನ್ವಯಿಸುತ್ತದೆ.

ಗುರಿ ಕ್ರೀಡೆ: 1951ರಲ್ಲಿ ಶುರುವಾದ ರಾಷ್ಟ್ರೀಯ ರೈಫಲ್ ಸಂಘದ ಅಂಗವಾಗಿ ಕರ್ನಾಟಕ ರಾಜ್ಯ ರೈಫಲ್ ಸಂಘ ಬೆಂಗಳೂರಿನಲ್ಲಿದೆ. ಗದುಗಿನವರಿಗೆ ಹತ್ತಿರದ ಅನುಕೂಲ ಹುಬ್ಬಳ್ಳಿಯದು. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ವಿಭಾಗದಲ್ಲಿ ಭಾರತದ ಪರ ಸ್ಪರ್ಧಿಸಿದರು. 10 ಮೀಟರ್ ಏರ್ ರೈಫಲ್ ಗುರಿಹಲಗೆಯ ಹತ್ತರ ಬೊಟ್ಟು ಬರೀ ಅರ್ಧ ಮಿಲಿಮೀಟರ್ ಅಗಲ. ಇಲ್ಲಿ ಎದುರಾಳಿ ತನ್ನದೇ ಉಸಿರು.

ಸುರಕ್ಷತೆಯ ಪಾಠ

ಅಮೆರಿಕದ ಅರಿಜೋನಾದಲ್ಲಿ ಜೆಫ್ ಕೂಪರ್ 1976ರಲ್ಲಿ ತೆರೆದ ಗನ್‌ಸೈಟ್ ಶಾಲೆ ನಾಗರಿಕರಿಗೆ ಆತ್ಮರಕ್ಷಣೆಯ ಗುಂಡುಗಾರಿಕೆ ಕಲಿಸುವ ಶಾಲೆಗಳಿಗೆ ಮೇಲ್ಪಂಕ್ತಿ ಹಾಕಿತು. ಕೂಪರ್ ಪ್ರಚಾರ ಮಾಡಿದ ನಾಲ್ಕು ನಿಯಮಗಳು ಈಗ ಜಗತ್ತಿನ ಬಹುತೇಕ ಚಾಂದಮಾರಿಗಳಲ್ಲಿ ಯಾವುದೋ ರೂಪದಲ್ಲಿ ನಡೆಯುತ್ತವೆ: ಪ್ರತಿ ಬಂದೂಕನ್ನೂ ತುಂಬಿದ್ದೆಂದೇ ತಿಳಿಯಬೇಕು, ಹೊಡೆಯಲು ಇಷ್ಟವಿಲ್ಲದ ಯಾವುದರ ಕಡೆಗೂ ನಳಿಗೆಯ ಬಾಯಿ ತಿರುಗಿಸಬಾರದು, ಗುರಿ ಹಿಡಿಯುವವರೆಗೆ ಬೆರಳು ಟ್ರಿಗರಿನಿಂದ ಹೊರಗಿರಬೇಕು, ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು. ಅಮೆರಿಕದಲ್ಲಿ ನಾಗರಿಕರು ಬಂದೂಕು ಹೊಂದುವುದು ಸಂವಿಧಾನದ ಹಕ್ಕು. ಭಾರತದಲ್ಲಿ ಅದು ಕಾಯ್ದೆ ಕೊಡುವ ಪರವಾನಗಿ. ಹೀಗಾಗಿ ಆ ಶಾಲೆಗಳ ಕಾಳಗದ ಪಾಠ ಇಲ್ಲಿಗೆ ಹೊಂದುವುದಿಲ್ಲ, ಸುರಕ್ಷತೆಯ ನಿಯಮ ಮಾತ್ರ ಎಲ್ಲಿಗೂ ಸಲ್ಲುತ್ತದೆ.

ಜೋಡಿನಳಿಗೆಯನ್ನು ಕೈಗೆ ತೆಗೆದುಕೊಂಡವರು ಮೊದಲು ನಳಿಗೆಯನ್ನು ಜನರಿಲ್ಲದ ಕಡೆಗೆ, ನೆಲದತ್ತ ತಿರುಗಿಸುತ್ತಾರೆ. ಹಿಡಿಯ ಮೇಲಿನ ಸನ್ನೆಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಬಂದೂಕು ನಡುವೆ ಮುರಿದು ಬಾಗುತ್ತದೆ. ಎರಡು ಕೋಣೆಗಳೂ ತೆರೆಯುತ್ತವೆ. ತೋಟೆ ಇದ್ದರೆ ತೆಗೆದು, ಎರಡೂ ನಳಿಗೆಯೊಳಗೆ ಬೆಳಕು ಹಾಯುವುದನ್ನು ನೋಡಬೇಕು. ಇನ್ನೊಬ್ಬರಿಗೆ ಕೊಡುವಾಗಲೂ ಹೀಗೆ ಬಾಗಿಸಿಯೇ ಕೊಡುವುದು ಪದ್ಧತಿ. ತೆಗೆದುಕೊಂಡವರು ಮತ್ತೊಮ್ಮೆ ನೋಡುತ್ತಾರೆ. ಟ್ರಿಗರ್ ಒತ್ತಿಯೂ ತೋಟೆ ಹಾರದಿದ್ದರೆ ಕೂಡಲೇ ತೆರೆಯದೆ, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು. 12 ಬೋರಿನ ನಳಿಗೆಯ ವ್ಯಾಸ ಸುಮಾರು 18.5 ಮಿ.ಮೀ.; ಅದರ ಚರೆ ಹಾರುತ್ತ ಹರಡಿಕೊಳ್ಳುತ್ತದೆ. ಹಟ್ಟಿ-ಹೊಲಗಳಲ್ಲಿ ಗುರಿಯ ಪಕ್ಕದವರಿಗೆ ತಾಗುವುದು ಇದರಿಂದಲೇ. ಕೇಪಿನ ಬಂದೂಕಿನ ಕಷ್ಟ ಬೇರೆ: ತುಂಬಿದ ಮದ್ದನ್ನು ಸುಲಭವಾಗಿ ಹೊರತೆಗೆಯಲಾಗದು. ಹಾಗಾಗಿ ತುಂಬಿದ ಕೇಪಿನ ಬಂದೂಕು ಮನೆಯ ಮೂಲೆಗೆ ಬರಲೇಬಾರದು. ಬಂದೂಕು ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ, ಎರಡೂ ಮಕ್ಕಳ ಕೈಗೆ ಸಿಗದಂತೆ ಇರಬೇಕು.

ಆತ್ಮರಕ್ಷಣೆಯ ಹಕ್ಕು

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಈ ಹಕ್ಕನ್ನು ಹೇಳುತ್ತವೆ. ಹಿಂದೆ ದಂಡ ಸಂಹಿತೆಯ 96ರಿಂದ 106ರಲ್ಲಿ ಇದ್ದ ವಿಷಯವೇ ಇದು. ತನ್ನ ಅಥವಾ ಬೇರೆಯವರ ಮೈ, ತನ್ನ ಅಥವಾ ಬೇರೆಯವರ ಸ್ವತ್ತು ಕಾಯುವ ಹಕ್ಕು ಎಲ್ಲರಿಗೂ ಇದೆ. ಮಿತಿಯೂ ಇದೆ. ಸರ್ಕಾರಿ ರಕ್ಷಣೆ ಪಡೆಯಲು ಸಮಯವಿದ್ದರೆ ಈ ಹಕ್ಕು ಇಲ್ಲ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಲು ಹಕ್ಕಿಲ್ಲ. ಪ್ರಾಣ ಹೋಗುವ ಅಥವಾ ಭಾರಿ ಗಾಯವಾಗುವ ಭಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಮುಂತಾದ ಸಂದರ್ಭಗಳಲ್ಲಿ ಮಾತ್ರ ಎದುರಾಳಿಯ ಪ್ರಾಣ ತೆಗೆಯುವವರೆಗೆ ಅದು ಚಾಚುತ್ತದೆ. ಸ್ವತ್ತಿನ ವಿಷಯದಲ್ಲಿ ದರೋಡೆ, ಸೂರ್ಯ ಮುಳುಗಿದ ಮೇಲೆ ಮನೆಗೆ ಕನ್ನ, ವಾಸದ ಮನೆಗೆ ಬೆಂಕಿ ಇಂಥವು ಆ ಪಟ್ಟಿಯಲ್ಲಿವೆ. ಕಣದಿಂದ ಶೇಂಗಾದ ಚೀಲ ಹೊತ್ತು ಓಡುವ ಕಳ್ಳನ ಬೆನ್ನಿಗೆ ಗುಂಡು ಹೊಡೆದವನಿಗೆ ಈ ಕಲಮುಗಳ ರಕ್ಷಣೆ ಸಿಗದು. ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಈ ತತ್ವಗಳನ್ನು ಒಟ್ಟುಗೂಡಿಸಿತು: ಅಪಾಯದ ಸಕಾರಣ ಭಯ ಹುಟ್ಟಿದ ಕ್ಷಣದಿಂದ ಹಕ್ಕು ಶುರುವಾಗುತ್ತದೆ, ಭಯ ಇರುವವರೆಗೆ ಇರುತ್ತದೆ, ಸೇಡು ತೀರಿಸಿಕೊಳ್ಳಲು ಅದು ನೆಪವಾಗದು.

ಹೆಣ್ಣುಮಕ್ಕಳ ಆತ್ಮರಕ್ಷಣೆ

ಈಗ ಈ ಸೀಮೆಯಲ್ಲಿ ಆತ್ಮರಕ್ಷಣೆ ತರಬೇತಿ ಎಂದರೆ ಜನ ಮೊದಲು ನೆನೆಯುವುದು ಬಂದೂಕನ್ನಲ್ಲ, ಶಾಲೆಯ ಕರಾಟೆಯನ್ನು. ಸಮಗ್ರ ಶಿಕ್ಷಣ ಯೋಜನೆಯ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಾ ತರಬೇತಿ ಸರ್ಕಾರಿ ಶಾಲೆಗಳ ಆರನೆಯ ತರಗತಿಯಿಂದ ಮೇಲಿನ ಹುಡುಗಿಯರಿಗೆ ಮೂರು ತಿಂಗಳು ನಡೆಯುತ್ತದೆ. ಚಿತ್ರದುರ್ಗದ ಒನಕೆ ಓಬವ್ವಳ ಹೆಸರಿನ ತರಬೇತಿ ಸಮಾಜ ಕಲ್ಯಾಣ ಇಲಾಖೆಯ ವಸತಿಶಾಲೆಗಳಲ್ಲಿ ನಡೆದಿದೆ. ಮಣಿಕಟ್ಟು ಹಿಡಿದರೆ ಹಿಡಿದವನ ಹೆಬ್ಬೆರಳಿನ ಕಡೆಗೆ ತಿರುಗಿಸಿ ಬಿಡಿಸಿಕೊಳ್ಳುವುದು, ಹಿಂದಿನಿಂದ ತಬ್ಬಿದರೆ ಮೊಣಕೈ ಮತ್ತು ಹಿಮ್ಮಡಿ ಬಳಸುವುದು, ಕೂಗಿ ಜನ ಸೇರಿಸುವುದು, ಓಡುವುದು ಇವು ಮೊದಲ ಪಾಠಗಳು. ಶಾಲೆಯ ಮೈದಾನದಲ್ಲಿ ಗೆಳತಿಯರ ಎದುರು ಕೂಗಲು ನಾಚುವ ಹುಡುಗಿಗೆ ಗಟ್ಟಿದನಿ ಬರಿಸುವುದೇ ತರಬೇತುದಾರರ ಮೊದಲ ವಾರದ ಕೆಲಸವಾಗಿರುತ್ತದೆ. ಮಹಿಳೆಯರಿಗಾಗಿ ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೊರತಂದ ಸುಮಾರು 500 ಗ್ರಾಂ ತೂಕದ ‘ನಿರ್ಭೀಕ್’ ರಿವಾಲ್ವರಿನ ಬೆಲೆ ಆಗಲೇ ಒಂದು ಲಕ್ಷ ರೂಪಾಯಿ ದಾಟಿತ್ತು. ಬೆಟಗೇರಿಯ ಮಗ್ಗದ ಮನೆಯ ಹುಡುಗಿಗೆ ಅದು ಉತ್ತರವಾಗುವಂಥದ್ದಲ್ಲ. ಮೂರು ತಿಂಗಳ ಕಲಿಕೆಯನ್ನು ವರ್ಷವಿಡೀ ಮುಂದುವರಿಸುವ ವ್ಯವಸ್ಥೆ ಇಲ್ಲದಿರುವುದು ಈ ಯೋಜನೆಗಳ ದೊಡ್ಡ ಕೊರತೆ. ಅಭ್ಯಾಸ ತಪ್ಪಿದ ಪಟ್ಟು ಹೊತ್ತಿಗೆ ಬರುವುದಿಲ್ಲ.

ಒಟ್ಟು ನೋಟ

ಹಮ್ಮಿಗಿಯ ಶಸ್ತ್ರಗಳೂ ಮುಂಡರಗಿಯ ಶಿಬಿರವೂ ಸರ್ಕಾರದ ರಕ್ಷಣೆ ಇಲ್ಲದ ಅಥವಾ ಸರ್ಕಾರವೇ ಎದುರಾಳಿಯಾದ ಕಾಲದವು. ಕಾನೂನು ನೆಲೆಯಾದ ಮೇಲೆ ಆ ಬಗೆಯ ಶಾಲೆಗೆ ಇಲ್ಲಿ ಕಾರಣ ಉಳಿಯಲಿಲ್ಲ. ಉಳಿದಿರುವ ಅಗತ್ಯ ಎರಡು: ಪರವಾನಗಿ ಉಳ್ಳವರಿಗೆ ಬಂದೂಕನ್ನು ಅಪಾಯವಿಲ್ಲದೆ ಇಟ್ಟುಕೊಳ್ಳುವ ಪಾಠ, ಉಳಿದವರಿಗೆ ಬರಿಗೈಯಲ್ಲಿ ತಪ್ಪಿಸಿಕೊಳ್ಳುವ ಮತ್ತು ತಮ್ಮ ಹಕ್ಕಿನ ಎಲ್ಲೆ ತಿಳಿಯುವ ಪಾಠ. ಮೊದಲನೆಯದಕ್ಕೆ ಕಾನೂನಿನ ಕಟ್ಟಳೆ ಇದೆ, ಎರಡನೆಯದಕ್ಕೆ ಯೋಜನೆಗಳಿವೆ. ಎರಡೂ ಜಿಲ್ಲಾಕೇಂದ್ರದ ಆಚೆಗೆ, ತಾಲ್ಲೂಕು ಮತ್ತು ಹೋಬಳಿ ಮಟ್ಟದಲ್ಲಿ ನಿಯಮಿತವಾಗಿ ನಡೆಯಬೇಕಾಗಿದೆ. ಬಂದೂಕು ತರಬೇತಿ ಬೇಕಾದವರು ಗದುಗಿನ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಯಲ್ಲಿ, ಪರವಾನಗಿ ಬೇಕಾದವರು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಬೇಕು. ಅಪಾಯದ ಹೊತ್ತಿನಲ್ಲಿ ಕರೆಯಬೇಕಾದ ಸಂಖ್ಯೆ 112.